ಮಳೆಗಾಲದ ಆರ್‌ಎಸ್‌ವಿ: ಎಳೆ ಮಗುವಿಗೆ ಯಾವ ರಕ್ಷಣೆ, ಯಾರಿಗೆ, ಯಾವಾಗ?

ಮುಂಗಾರು ಹತ್ತಿರ ಬಂದ ಹಾಗೆ ಹಾಸನ, ಚಿಕ್ಕಮಗಳೂರು ಕಡೆಯ ಬಸುರಿಯರು, ಬಾಣಂತಿಯರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ತರಹ ಇರುತ್ತವೆ. "ಅಮೆರಿಕದಲ್ಲಿರುವ ನಾದಿನಿ ಬಸಿರಿನಲ್ಲೇ ಆರ್‌ಎಸ್‌ವಿ ಲಸಿಕೆ ತಗೊಂಡಳು, ನಾನೂ ತಗೊಳ್ಳಬೇಕಾ?" "ಮಗು ಹುಟ್ಟಿದ ಮೇಲೆ ಅದಕ್ಕೇ ಹಾಕಿಸುವ ಇಂಜೆಕ್ಷನ್ ಇದೆಯಂತೆ, ಅದು ಒಳ್ಳೇದಾ?" "ಅಷ್ಟೆಲ್ಲ ದುಡ್ಡಿಲ್ಲ, ಮನೆಯಲ್ಲೇ ಏನು ಮಾಡಬಹುದು?" ಮೂರೂ ಸರಿಯಾದ ಪ್ರಶ್ನೆಗಳೇ. ಆದರೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ಮಗು ಯಾವ ತಿಂಗಳಲ್ಲಿ ಹುಟ್ಟುತ್ತದೆ, ಮಳೆಗಾಲದಲ್ಲಿ ಎಲ್ಲಿರುತ್ತದೆ, ಅಲ್ಲಿಂದ ಆಕ್ಸಿಜನ್ ಇರುವ ಆಸ್ಪತ್ರೆ ಎಷ್ಟು ದೂರ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಆರ್‌ಎಸ್‌ವಿ ಅಂದರೆ ರೆಸ್ಪಿರೇಟರಿ ಸಿನ್ಸೀಷಿಯಲ್ ವೈರಸ್. ದೊಡ್ಡವರಿಗೆ ಬಂದರೆ ಮಾಮೂಲಿ ನೆಗಡಿ. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಒಮ್ಮೆ ಬಂದು ಹೋಗಿರುತ್ತದೆ. ತೊಂದರೆ ಆಗುವುದು ತೀರಾ ಎಳೆ ಮಕ್ಕಳಿಗೆ. ಅವರ ಶ್ವಾಸನಾಳದ ಕವಲುಗಳು ಬಹಳ ಸಣ್ಣವು. ಸ್ವಲ್ಪ ಊದಿಕೊಂಡು ಕಫ ಕಟ್ಟಿದರೂ ಗಾಳಿ ಓಡಾಡಲು ಜಾಗ ಇರುವುದಿಲ್ಲ. 2019ರ ಒಂದು ಅಂದಾಜಿನ ಪ್ರಕಾರ ಆ ಒಂದೇ ವರ್ಷ ಜಗತ್ತಿನಲ್ಲಿ 5 ವರ್ಷದೊಳಗಿನ ಸುಮಾರು 36 ಲಕ್ಷ ಮಕ್ಕಳು ಈ ವೈರಸ್‌ನಿಂದ ಆಸ್ಪತ್ರೆ ಸೇರಿದರು, ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಸತ್ತವರಲ್ಲಿ 45 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಆರು ತಿಂಗಳೂ ತುಂಬಿರಲಿಲ್ಲ.

ಹಾಗಂತ ಗಾಬರಿಯಲ್ಲಿ ತೀರ್ಮಾನ ಮಾಡಬೇಡಿ. ಅಮೆರಿಕದ ಲೆಕ್ಕದಲ್ಲಿ ಆರು ತಿಂಗಳೊಳಗಿನ 100 ಮಕ್ಕಳಲ್ಲಿ 2ರಿಂದ 3 ಮಕ್ಕಳು ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರುತ್ತಾರೆ. ಉಳಿದವರು ಮನೆಯಲ್ಲೇ ಗುಣವಾಗುತ್ತಾರೆ. ನಾವು ಯೋಚಿಸಬೇಕಾದ್ದು ಆ ಎರಡು-ಮೂರು ಮಕ್ಕಳ ಸಾಲಿನಲ್ಲಿ ನಮ್ಮ ಮಗು ಬರದ ಹಾಗೆ ಏನು ಮಾಡಬಹುದು, ಬಂದರೂ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟುವುದು ಹೇಗೆ ಎಂದು.

ಮೊದಲು ಇವಕ್ಕೆ ಉತ್ತರ ಬರೆದಿಟ್ಟುಕೊಳ್ಳಿ

ತಾಯಿ ಕಾರ್ಡ್ ಕೈಯಲ್ಲಿ ಹಿಡಿದು ಕೂತುಕೊಳ್ಳಿ. ಅದರಲ್ಲಿ ಹೆರಿಗೆಯ ಅಂದಾಜು ತಾರೀಖು ಇರುತ್ತದಲ್ವಾ, ಎಲ್ಲ ಲೆಕ್ಕವೂ ಅಲ್ಲಿಂದಲೇ ಶುರು. ಉತ್ತರ ಭಾರತದಲ್ಲಿ ಆರ್‌ಎಸ್‌ವಿ ಚಳಿಗಾಲದ ಕಾಯಿಲೆ. ದಕ್ಷಿಣದಲ್ಲಿ ಅದು ಮಳೆಗಾಲದ ಜೊತೆ ಏರುತ್ತದೆ, ಮಳೆ ಮುಗಿಯುವ ಹೊತ್ತಿಗೂ ಓಡಾಡುತ್ತಿರುತ್ತದೆ. ಲೆಕ್ಕಕ್ಕೆ ಅನುಕೂಲವಾಗಲಿ ಅಂತ ನಾನು ಜುಲೈಯಿಂದ ನವೆಂಬರ್‌ವರೆಗಿನ ಐದು ತಿಂಗಳು ಎಂದು ಇಟ್ಟುಕೊಳ್ಳುತ್ತೇನೆ. ಆ ಐದು ತಿಂಗಳಲ್ಲಿ ನಿಮ್ಮ ಮಗುವಿಗೆ ಎಷ್ಟು ತಿಂಗಳು ಆಗಿರುತ್ತದೆ? ಮೂರು ತಿಂಗಳಿಗಿಂತ ಕಡಿಮೆ ಎಂದಾದರೆ ಜಾಸ್ತಿ ಎಚ್ಚರ ಬೇಕು.

ಎರಡನೆಯದು, ಮಗುವಿನ ಸ್ಥಿತಿ. ದಿನ ತುಂಬುವ ಮೊದಲೇ ಹುಟ್ಟಿದ್ದು, ತೂಕ ಕಮ್ಮಿ ಇರುವುದು, ಹುಟ್ಟಿನಿಂದಲೇ ಹೃದಯದ ತೊಂದರೆ ಇರುವುದು, ಶ್ವಾಸಕೋಶದ ತೊಂದರೆಯಿಂದ ಹುಟ್ಟಿದ ಮೇಲೆ ತುಂಬಾ ದಿನ ಆಕ್ಸಿಜನ್ ಮೇಲೆ ಇದ್ದದ್ದು. ಇವುಗಳಲ್ಲಿ ಯಾವುದು ಇದ್ದರೂ ಲೆಕ್ಕವೇ ಬೇರೆ.

ಮೂರನೆಯದು ದೂರ. ಇದನ್ನು ಹೋಲಿಕೆಯಲ್ಲಿ ಯಾರೂ ಸೇರಿಸುವುದಿಲ್ಲ. ನಮ್ಮ ಎರಡು ಜಿಲ್ಲೆಗಳಲ್ಲಿ ಇದನ್ನು ಬಿಟ್ಟು ಯೋಚಿಸಲು ಆಗುವುದಿಲ್ಲ. ಹಾಸನ ಪೇಟೆಯಲ್ಲಿ ಮನೆ ಇದ್ದವರು ಅರ್ಧ ಗಂಟೆಯಲ್ಲಿ ಹಿಮ್ಸ್ ಆಸ್ಪತ್ರೆ ಮುಟ್ಟುತ್ತಾರೆ. ಶೃಂಗೇರಿ ಕಡೆಯ ಮನೆಯಿಂದ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ 90 ಕಿಲೋಮೀಟರ್ ಹತ್ತಿರ. ಮೂಡಿಗೆರೆ, ಸಕಲೇಶಪುರದ ಒಳಗಿನ ಎಸ್ಟೇಟ್ ಆದರೆ ಮುಖ್ಯ ರಸ್ತೆಗೆ ಬರುವುದೇ ಒಂದು ಪ್ರಯಾಣ. ಜೋರು ಮಳೆಯಲ್ಲಿ ಮರ ಬಿದ್ದರೆ, ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಗುಡ್ಡ ಜರಿದರೆ ಮಂಗಳೂರಿನ ದಾರಿಯೂ ಬಂದ್. ಎಳೆ ಮಗುವಿಗೆ ಉಸಿರಾಟ ಕಷ್ಟವಾದಾಗ ಎರಡು ಗಂಟೆ ತಡ ಅಂದರೆ ಸಣ್ಣ ಮಾತಲ್ಲ. ಹಾಗಾಗಿ ಒಂದೇ ಆದಾಯದ, ಒಂದೇ ವಯಸ್ಸಿನ ಮಗುವಿರುವ ಎರಡು ಮನೆಗಳಲ್ಲಿ ದೂರದ ಮನೆಯವರಿಗೆ ದುಡ್ಡು ಹಾಕಲು ಹೆಚ್ಚು ಕಾರಣ ಇದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲೊಂದು ವಿಷಯ ತುಂಬಾ ಜನ ಮರೆಯುತ್ತಾರೆ. ಬಸುರಿಯ ಮನೆ ಎಲ್ಲಿದೆ ಎಂದಲ್ಲ, ಬಾಣಂತನ ಎಲ್ಲಿ ಎಂದು ನೋಡಬೇಕು. ಗಂಡನ ಮನೆ ಬೆಂಗಳೂರಿನಲ್ಲಿದ್ದು, ಸೀಮಂತ ಮುಗಿಸಿ ಕೊಪ್ಪದ ತವರಿಗೆ ಬಂದರೆ ಮಗುವಿನ ಮೊದಲ ಮೂರು ತಿಂಗಳು ಕೊಪ್ಪದಲ್ಲೇ. ದೂರ ಅಲ್ಲಿಂದ ಅಳೆಯಿರಿ.

ಕೊನೆಯದಾಗಿ ಮನೆಯ ಒಳಗಿನದು. ಅಂಗನವಾಡಿಗೋ ಶಾಲೆಗೋ ಹೋಗುವ ಅಣ್ಣ, ಅಕ್ಕ ಇದ್ದಾರಾ? ಬೀಡಿ, ಸಿಗರೇಟು ಸೇದುವವರು ಇದ್ದಾರಾ? ಸೌದೆ ಒಲೆಯ ಹೊಗೆ ಮಗು ಮಲಗುವ ಕೋಣೆಗೆ ಬರುತ್ತಾ? ಕೈಯಲ್ಲಿ ಎಷ್ಟು ಹಣ ಇದೆ ಎಂಬುದನ್ನು ಇಷ್ಟೆಲ್ಲ ಆದ ಮೇಲೆ ನೋಡೋಣ.

ಬಸಿರಿನಲ್ಲಿ ತಾಯಿಗೆ ಕೊಡುವ ಲಸಿಕೆ

ಇದರ ಹೆಸರು ಅಬ್ರಿಸ್ವೋ, ಫೈಜರ್ ಕಂಪನಿಯದು. ಅಮೆರಿಕದಲ್ಲಿ 2023ರ ಆಗಸ್ಟ್‌ನಲ್ಲಿ ಬಸುರಿಯರಿಗೆ ಕೊಡಲು ಒಪ್ಪಿಗೆ ಸಿಕ್ಕಿತು. ಒಂದೇ ಡೋಸ್. ಲಸಿಕೆ ತಾಯಿಗೆ, ರಕ್ಷಣೆ ಮಗುವಿಗೆ. ತಾಯಿಯ ಮೈಯಲ್ಲಿ ತಯಾರಾದ ಪ್ರತಿಕಾಯಗಳು, ಅಂದರೆ ವೈರಸ್ಸನ್ನು ಹಿಡಿದು ತಡೆಯುವ ರಕ್ಷಣಾ ಕಣಗಳು, ಮಾಸುಚೀಲದ ಮೂಲಕ ಮಗುವಿಗೆ ಹೋಗುತ್ತವೆ. ಮಗು ಹುಟ್ಟುವಾಗಲೇ ರಕ್ಷಣೆ ಪಡೆದುಕೊಂಡು ಬರುತ್ತದೆ, ಅದಕ್ಕೆ ಸೂಜಿ ಚುಚ್ಚುವ ಕೆಲಸವೇ ಇಲ್ಲ.

ದೊಡ್ಡ ಪರೀಕ್ಷೆಯಲ್ಲಿ ಕಂಡದ್ದು ಹೀಗೆ: ಹುಟ್ಟಿ ಮೊದಲ 90 ದಿನ ತೀವ್ರ ಆರ್‌ಎಸ್‌ವಿಯಿಂದ ಸುಮಾರು 82% ರಕ್ಷಣೆ. ಆರು ತಿಂಗಳವರೆಗಿನ ಒಟ್ಟು ಲೆಕ್ಕ ತೆಗೆದರೆ ಸುಮಾರು 69%. ಅಂದರೆ ಮೊದಲ ಮೂರು ತಿಂಗಳು ಗಟ್ಟಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ.

ಇದಕ್ಕೆ ಎರಡು ಷರತ್ತು. ಮೊದಲನೆಯದು, ಲಸಿಕೆ ತಗೊಂಡ ಮೇಲೆ ಹೆರಿಗೆಗೆ ಕನಿಷ್ಠ 14 ದಿನ ಇರಬೇಕು. ಅದಕ್ಕಿಂತ ಮೊದಲೇ ಹೆರಿಗೆಯಾದರೆ ಮಗುವಿಗೆ ಬೇಕಾದಷ್ಟು ಪ್ರತಿಕಾಯ ತಲುಪಿರುವುದಿಲ್ಲ. ಎರಡನೆಯದು, ಯಾವ ವಾರದಲ್ಲಿ ಎಂಬುದು. ಅಮೆರಿಕದಲ್ಲಿ 32ರಿಂದ 36 ವಾರದೊಳಗೆ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 28 ವಾರ ತುಂಬಿದ ಮೇಲೆ ಕೊಡಬಹುದು ಎನ್ನುತ್ತದೆ. ಅಮೆರಿಕದವರು 32 ವಾರ ಕಾಯುವುದಕ್ಕೆ ಕಾರಣ ಇದೆ. ಪರೀಕ್ಷೆಯಲ್ಲಿ ಲಸಿಕೆ ತಗೊಂಡವರಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾದವರು 5.7%, ತಗೊಳ್ಳದವರಲ್ಲಿ 4.7%. ಈ ವ್ಯತ್ಯಾಸ ಲಸಿಕೆಯಿಂದಲೇ ಆಯಿತು ಎಂದು ಹೇಳಲು ಸಾಕಾಗುವಷ್ಟು ದೊಡ್ಡದಲ್ಲ. ಆದರೂ ಎಚ್ಚರಿಕೆಗೆ ವಾರ ಮುಂದಕ್ಕೆ ಹಾಕಿದರು. ನಿಮಗೆ ಹಿಂದಿನ ಹೆರಿಗೆ ಬೇಗ ಆಗಿದ್ದರೆ, ಈಗ ಬಿಪಿ ಏರುತ್ತಿದ್ದರೆ ಈ ಮಾತನ್ನು ನಿಮ್ಮ ಹೆರಿಗೆ ಡಾಕ್ಟರ ಹತ್ತಿರ ಬಿಡಿಸಿ ಕೇಳಿ. ಆಮೇಲೆ ತೀರ್ಮಾನ ಮಾಡಿ.

ಇನ್ನೊಂದು ಎಚ್ಚರಿಕೆ. ಆರ್‌ಎಸ್‌ವಿ ಲಸಿಕೆ ಅಂತ ಹೆಸರಿರುವ ಎಲ್ಲವೂ ಬಸುರಿಯರಿಗೆ ಅಲ್ಲ. ಅರೆಕ್ಸ್‌ವಿ, ಎಂರೆಸ್ವಿಯಾ ಇವೆರಡು ವಯಸ್ಸಾದವರ ಲಸಿಕೆಗಳು. ಸೂಜಿ ಹಾಕುವ ಮೊದಲು ಡಬ್ಬಿಯ ಮೇಲಿನ ಹೆಸರು ನೀವೇ ಓದಿ. ಅಬ್ರಿಸ್ವೋವನ್ನು ಮಗುವಿಗೂ ಹಾಕುವ ಹಾಗಿಲ್ಲ.

ಮಗುವಿಗೇ ಕೊಡುವ ಇಂಜೆಕ್ಷನ್

ನಿರ್ಸೆವಿಮ್ಯಾಬ್, ಮಾರಾಟದ ಹೆಸರು ಬೇಫೋರ್ಟಸ್. ಇದು ಲಸಿಕೆ ಅಲ್ಲ, ತಯಾರಾಗಿಯೇ ಬರುವ ಪ್ರತಿಕಾಯ. ಮಗುವಿನ ಮೈ ಕಲಿತು ತಯಾರಿಸಬೇಕು ಎಂದಿಲ್ಲ, ಹಾಗಾಗಿ ಕಾಯುವ ಸಮಯವೂ ಇಲ್ಲ. ಮಗುವಿನ ತೂಕ 5 ಕೆ.ಜಿ.ಗಿಂತ ಕಡಿಮೆ ಇದ್ದರೆ 50 ಮಿಲಿಗ್ರಾಂ, 5 ಕೆ.ಜಿ. ಮತ್ತು ಮೇಲಿದ್ದರೆ 100 ಮಿಲಿಗ್ರಾಂ. ತೊಡೆಗೆ ಒಂದೇ ಸಲ. ಕನಿಷ್ಠ ಐದು ತಿಂಗಳ ರಕ್ಷಣೆ. ನಮ್ಮ ಇಡೀ ಮಳೆಗಾಲ ಅದರೊಳಗೆ ಬರುತ್ತದೆ. ಪೆಂಟಾ, ಪೋಲಿಯೊ ಹಾಕಿಸುವ ದಿನವೇ ಇದನ್ನೂ ಹಾಕಿಸಬಹುದು.

ಸ್ಪೇನ್ ದೇಶದ ಗಲಿಸಿಯಾ ಪ್ರಾಂತ್ಯದಲ್ಲಿ 2023ರ ಸೆಪ್ಟೆಂಬರ್‌ನಿಂದ ಎಳೆ ಮಕ್ಕಳಿಗೆಲ್ಲ ಇದನ್ನು ಕೊಟ್ಟರು. ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರುವುದು ಸುಮಾರು 82% ತಪ್ಪಿತು. ಕಾಣುವ ಅಡ್ಡಪರಿಣಾಮ ಸಾಮಾನ್ಯವಾಗಿ ಚುಚ್ಚಿದ ಜಾಗದಲ್ಲಿ ಕೆಂಪಗಾಗುವುದು, ಮೈಮೇಲೆ ಸಣ್ಣ ದದ್ದು.

ತಾಯಿಯ ಲಸಿಕೆಯೋ ಮಗುವಿನ ಇಂಜೆಕ್ಷನ್ನೋ? ಆರೋಗ್ಯವಾಗಿರುವ ಹೆಚ್ಚಿನ ಮಕ್ಕಳಿಗೆ ಎರಡರಲ್ಲಿ ಒಂದು ಸಾಕು. ಒಂದನ್ನು ಆರಿಸಲು ತಿಂಗಳು ನೋಡಿ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಹೆರಿಗೆ ಇದ್ದರೆ ತಾಯಿಯ ಲಸಿಕೆ ಚೆನ್ನಾಗಿ ಹೊಂದುತ್ತದೆ. ಗಟ್ಟಿ ರಕ್ಷಣೆಯ ಮೊದಲ ಮೂರು ತಿಂಗಳು ಮತ್ತು ವೈರಸ್ಸಿನ ತಿಂಗಳುಗಳು ಒಂದೇ ಕಡೆ ಬೀಳುತ್ತವೆ. ಮಗು ಹುಟ್ಟಿದ ಮೇಲೆ ಬಾಣಂತಿಯನ್ನು, ಮಗುವನ್ನು ಕರೆದುಕೊಂಡು ಮಳೆಯಲ್ಲಿ ಅಲೆಯುವ ಕೆಲಸವೂ ಇಲ್ಲ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹುಟ್ಟುವ ಮಗುವಿಗೆ ಹಾಗಲ್ಲ. ಜನವರಿಯಲ್ಲಿ ಹುಟ್ಟಿದ ಮಗುವಿನ ಆರು ತಿಂಗಳು ಜುಲೈಗೆ ಮುಗಿಯುತ್ತದೆ. ಅಂದರೆ ತಾಯಿಯ ಲಸಿಕೆಯ ಬಲವೆಲ್ಲ ಬೇಸಿಗೆಯಲ್ಲೇ ಖರ್ಚಾಗಿ, ಮಳೆ ಹಿಡಿಯುವ ಹೊತ್ತಿಗೆ ಕಡಿಮೆಯಾಗಿರುತ್ತದೆ. ಇಂಥವರು ಬಸಿರಿನಲ್ಲಿ ಆತುರ ಪಡದೆ, ಮಳೆ ಶುರುವಾಗುವ ಜೂನ್‌ನಲ್ಲಿ ಮಗುವಿಗೇ ನಿರ್ಸೆವಿಮ್ಯಾಬ್ ಕೊಡಿಸುವ ಬಗ್ಗೆ ಮಕ್ಕಳ ಡಾಕ್ಟರ ಹತ್ತಿರ ಮಾತಾಡಬಹುದು.

ಏಪ್ರಿಲ್, ಮೇ ಹೆರಿಗೆಯವರು ನಡುವೆ ಬರುತ್ತಾರೆ. ಯಾವುದಾದರೂ ಸರಿ. ದೂರದ ಮನೆ, ಕಮ್ಮಿ ತೂಕದ ಮಗು ಎಂದಾದರೆ ನನ್ನ ಒಲವು ಜೂನ್‌ನ ಇಂಜೆಕ್ಷನ್ ಕಡೆಗೆ. ನವೆಂಬರ್‌ನಲ್ಲಿ ಹೆರಿಗೆ ಎಂದಾದರೆ ವೈರಸ್ಸಿನ ಕಾಲ ಮುಗಿಯುತ್ತಾ ಬಂದಿರುತ್ತದೆ. ಮುಂದಿನ ಮಳೆಗಾಲಕ್ಕೆ ಮಗುವಿಗೆ ಏಳೆಂಟು ತಿಂಗಳು. ಮಗು ಆರೋಗ್ಯವಾಗಿದ್ದು ಕೈಯಲ್ಲಿ ಹಣ ಕಮ್ಮಿ ಇದ್ದರೆ ಇವರು ಎರಡನ್ನೂ ಬಿಟ್ಟರೂ ನಾನು ತಪ್ಪು ಎನ್ನುವುದಿಲ್ಲ.

ತಾಯಿ ಲಸಿಕೆ ತಗೊಂಡು 14 ದಿನ ಆಗುವ ಮೊದಲೇ ಹೆರಿಗೆಯಾದರೆ ಆ ಲಸಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಗುವಿಗೆ ಇಂಜೆಕ್ಷನ್ ಬೇಕಾ ಎಂದು ಕೇಳಿ.

ದಿನ ತುಂಬದ ಮಗು, ಹೃದಯದ ತೊಂದರೆ ಇರುವ ಮಗು

ಇವರ ವಿಷಯದಲ್ಲಿ ಹಿಂದೆಮುಂದೆ ನೋಡುವುದು ಬೇಡ. ಸಾಲ ಮಾಡಿಯಾದರೂ ಖರ್ಚು ಮಾಡಿ ಎಂದು ನಾನು ಹೇಳುವುದಿದ್ದರೆ ಇಂಥ ಮಕ್ಕಳಿಗೆ ಮಾತ್ರ. 30 ವಾರಕ್ಕೇ ಹುಟ್ಟಿದ ಮಗುವಿಗೆ ತಾಯಿಯಿಂದ ಪ್ರತಿಕಾಯ ದಾಟಿ ಬರುವ ಸಮಯವೇ ಸಿಕ್ಕಿರುವುದಿಲ್ಲ. ಹಾಗಾಗಿ ಇವರಿಗೆ ಮಗುವಿಗೇ ಕೊಡುವ ಇಂಜೆಕ್ಷನ್ ಬೇಕು.

ಇಂಥ ಮಕ್ಕಳಿಗಾಗಿ ಹಳೆಯದೊಂದು ಔಷಧ ಇತ್ತು, ಪಾಲಿವಿಜುಮ್ಯಾಬ್. ಅಮೆರಿಕದಲ್ಲಿ 1998ರಿಂದ ಬಳಕೆಗೆ ಬಂತು. ಮಗುವಿನ ಪ್ರತಿ ಕೆ.ಜಿ. ತೂಕಕ್ಕೆ 15 ಮಿಲಿಗ್ರಾಂ ಲೆಕ್ಕದಲ್ಲಿ ತಿಂಗಳಿಗೊಂದು, ಒಂದು ಕಾಲಕ್ಕೆ ಐದು ಇಂಜೆಕ್ಷನ್. ಮೊದಲ ದೊಡ್ಡ ಪರೀಕ್ಷೆಯಲ್ಲಿ ಆಸ್ಪತ್ರೆ ಸೇರುವುದು 55% ಕಡಿಮೆಯಾಯಿತು. ಆ ಕಾಲಕ್ಕೆ ಅದೇ ದೊಡ್ಡ ಆಸರೆ. ಈಗ ಒಂದೇ ಸಲದ ನಿರ್ಸೆವಿಮ್ಯಾಬ್ ಸಿಗುವ ಕಡೆ ಅದನ್ನೇ ಮೊದಲು ಆರಿಸುತ್ತಾರೆ. ಬಾಳೆಹೊನ್ನೂರಿನ ಒಳಗಿನಿಂದ ಎಳೆ ಮಗುವನ್ನು ಎತ್ತಿಕೊಂಡು ಮಳೆಗಾಲದಲ್ಲಿ ಐದು ಸಲ ದೊಡ್ಡ ಆಸ್ಪತ್ರೆಗೆ ಹೋಗುವುದನ್ನು ನೆನೆಸಿಕೊಳ್ಳಿ. ಬಸ್ಸಿನಲ್ಲಿ, ಓಪಿಡಿ ಸಾಲಿನಲ್ಲಿ ಕೆಮ್ಮುವವರ ನಡುವೆ ಐದು ಸಲ. ಒಂದೇ ಸಲದ್ದು ಸಿಗುವ ಹಾಗಿದ್ದರೆ ಅದನ್ನೇ ಆರಿಸಿ.

2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಇದೇ ತರಹದ ಮತ್ತೊಂದು ಔಷಧಕ್ಕೆ ಒಪ್ಪಿಗೆ ಸಿಕ್ಕಿದೆ, ಕ್ಲೆಸ್ರೊವಿಮ್ಯಾಬ್. ತೂಕ ಎಷ್ಟೇ ಇರಲಿ 105 ಮಿಲಿಗ್ರಾಂನ ಒಂದೇ ಡೋಸ್. ಡಾಕ್ಟರು ಈ ಹೆಸರು ಹೇಳಿದರೆ ಗೊಂದಲ ಬೇಡ, ಕೆಲಸ ಹೆಚ್ಚುಕಮ್ಮಿ ಅದೇ.

ಖರ್ಚು ಮತ್ತು ತರಿಸುವ ವಿಚಾರ

ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಆರ್‌ಎಸ್‌ವಿಯದು ಯಾವುದೂ ಇಲ್ಲ. ಅಂಗನವಾಡಿಯಲ್ಲೋ ಪಿಎಚ್‌ಸಿಯಲ್ಲೋ ಕೇಳಿ ಬೇಸರ ಮಾಡಿಕೊಳ್ಳಬೇಡಿ. 2023ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ತಾಯಿಯ ಲಸಿಕೆಯ ಪಟ್ಟಿ ದರ 295 ಡಾಲರ್, ನಿರ್ಸೆವಿಮ್ಯಾಬ್‌ದು 495 ಡಾಲರ್. ಆಗಿನ ರೂಪಾಯಿ ಲೆಕ್ಕದಲ್ಲಿ ಸುಮಾರು 25 ಸಾವಿರ ಮತ್ತು 40 ಸಾವಿರ. ಅದು ಅಲ್ಲಿಯ ದರ. ಆದರೂ ಎರಡರಲ್ಲಿ ಯಾವುದು ಭಾರ ಎಂಬ ಅಂದಾಜು ಸಿಗುತ್ತದೆ.

ನಿಮ್ಮ ಡಾಕ್ಟರ ಹತ್ತಿರ "ಆರ್‌ಎಸ್‌ವಿ ಲಸಿಕೆ ಇದೆಯಾ?" ಎಂದಷ್ಟೇ ಕೇಳಬೇಡಿ. ಔಷಧದ ಹೆಸರು ಹೇಳಿ, ತರಿಸಲು ಆಗುತ್ತಾ, ಎಷ್ಟು ದಿನ ಬೇಕು, ಎಲ್ಲ ಸೇರಿ ಎಷ್ಟಾಗುತ್ತೆ ಎಂದು ಕೇಳಿ. ಹೆರಿಗೆಗೆ ಎರಡು ತಿಂಗಳು ಇರುವಾಗಲೇ ಕೇಳಿ. ಒಂಬತ್ತನೇ ತಿಂಗಳಲ್ಲಿ ಕೇಳಿ, ತರಿಸಿ, ಚುಚ್ಚಿಸಿ, 14 ದಿನ ಕಾಯುವಷ್ಟು ಸಮಯ ಇರುವುದಿಲ್ಲ.

ಈ ಎಲ್ಲ ಔಷಧಗಳೂ 2ರಿಂದ 8 ಡಿಗ್ರಿ ತಣ್ಣಗೆ ಇರಬೇಕು, ಆದರೆ ಹೆಪ್ಪುಗಟ್ಟಬಾರದು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬಾರದಿರುವುದೂ ಉಂಟು. ಬೆಂಗಳೂರಿನಿಂದ ಯಾರೋ ತಂದುಕೊಟ್ಟರು ಅಂತ ಮನೆಯ ಫ್ರಿಡ್ಜ್‌ನಲ್ಲಿ ಇಟ್ಟು, ಆಮೇಲೆ ಬಿಡುವಾದಾಗ ಹಾಕಿಸುವುದು ಬೇಡ. ಚುಚ್ಚುವ ಆಸ್ಪತ್ರೆಯೇ ತರಿಸಿಕೊಳ್ಳಲಿ, ಅಲ್ಲೇ ಇರಲಿ. ದುಬಾರಿ ಔಷಧ ಕೆಟ್ಟಿದ್ದು ಕಣ್ಣಿಗೆ ಕಾಣುವುದಿಲ್ಲ.

ದುಡ್ಡಿಲ್ಲದೆ ಆಗುವ ರಕ್ಷಣೆ

ಇಂಜೆಕ್ಷನ್ ತಗೊಂಡವರಿಗೂ ಇದು ಬೇಕು, ತಗೊಳ್ಳದವರಿಗೆ ಇದೇ ಮುಖ್ಯ. ಇದರ ಮಿತಿಯನ್ನು ಮೊದಲೇ ಹೇಳುತ್ತೇನೆ. ಮನೆಯ ಎಚ್ಚರಿಕೆ ವೈರಸ್ಸನ್ನು ಪೂರ್ತಿ ತಡೆಯುವುದಿಲ್ಲ. ಆದರೆ ಮೊದಲ ಮೂರು ತಿಂಗಳು ದೂರ ಇಟ್ಟರೂ ದೊಡ್ಡ ಲಾಭ. ಒಂದೂವರೆ ತಿಂಗಳಿಗೆ ಬರುವ ಆರ್‌ಎಸ್‌ವಿಗೂ ಒಂದೂವರೆ ವರ್ಷಕ್ಕೆ ಬರುವ ಆರ್‌ಎಸ್‌ವಿಗೂ ಅಜಗಜಾಂತರ.

ನಮ್ಮ ಕಡೆ ಮೊದಲು ನಿಲ್ಲಬೇಕಾದ್ದು ಹೊಗೆ. ಎಣ್ಣೆ ಹಚ್ಚಿ ನೀರು ಹಾಕಿದ ಮೇಲೆ ಮಗುವನ್ನು ಸಾಂಬ್ರಾಣಿ ಹೊಗೆಯ ಮೇಲೆ ಹಿಡಿಯುವುದು ಎಷ್ಟೋ ಮನೆಗಳಲ್ಲಿ ಈಗಲೂ ಇದೆ. ಕೆಂಡದ ಮೇಲೆ ಪುಡಿ ಉದುರಿಸುತ್ತಾರೆ, ಬಿಳಿ ಹೊಗೆ ಏಳುತ್ತದೆ, ಅಜ್ಜಿ ಮಗುವನ್ನು ಬೋರಲು ಹಿಡಿದು ತಲೆ ಆರಿಸುತ್ತಾರೆ. ಮಗು ಕೆಮ್ಮಿದರೆ "ಕಫ ಕಿತ್ತು ಬರ್ತಿದೆ" ಎನ್ನುತ್ತಾರೆ. ಅದು ಕಫ ಕೀಳುವುದಲ್ಲ, ಹೊಗೆಗೆ ಶ್ವಾಸನಾಳ ಕೆರಳುವುದು. ಮಳೆಗಾಲದಲ್ಲಿ ಸೌದೆ ಹಸಿಯಾಗಿ ಹಂಡೆ ಒಲೆಯೂ ಜಾಸ್ತಿ ಹೊಗೆ ಬಿಡುತ್ತದೆ. ಮಗುವಿನ ಬಟ್ಟೆಯನ್ನು ಅದೇ ಒಲೆಯ ಮೇಲಿನ ತಂತಿಯಲ್ಲಿ ಒಣಗಿಸಿದರೆ ಹೊಗೆ ವಾಸನೆ ಬಟ್ಟೆಯಲ್ಲೇ ಕೂತಿರುತ್ತದೆ. ಬಾಣಂತಿ ಕೋಣೆಯ ಮಂಚದ ಕೆಳಗೆ ಕೆಂಡ ಇಟ್ಟು ಬಾಗಿಲು, ಕಿಟಕಿ ಮುಚ್ಚುವುದು ಇನ್ನೂ ಅಪಾಯ. ಅದರ ವಿಷಗಾಳಿಗೆ ವಾಸನೆಯೇ ಇರುವುದಿಲ್ಲ.

ಅತ್ತೆ, ಅಮ್ಮನ ಹತ್ತಿರ ಜಗಳ ಬೇಡ. ನೀರು ಹಾಕುವುದು ನಿಲ್ಲಿಸಬೇಕಿಲ್ಲ, ಎಣ್ಣೆಯೂ ಇರಲಿ. ಹೊಗೆಯ ಬದಲು ಒಣ ಹತ್ತಿ ಬಟ್ಟೆಯಿಂದ ತಲೆ ಚೆನ್ನಾಗಿ ಒರೆಸಿ, ಟೊಪ್ಪಿ ಹಾಕಿ, ಅಮ್ಮನ ಎದೆಗೆ ಒತ್ತಿಕೊಂಡು ಮಲಗಿಸಿ ಎಂದರೆ ಹೆಚ್ಚಿನ ಹಿರಿಯರು ಒಪ್ಪುತ್ತಾರೆ. ಆಶಾ ಕಾರ್ಯಕರ್ತೆಯಿಂದ ಹೇಳಿಸಿದರೆ ಇನ್ನೂ ಸುಲಭ. ಆಸ್ಪತ್ರೆ ಹೆರಿಗೆಯಾದ ಮನೆಗೆ 42ನೇ ದಿನದೊಳಗೆ ಆರು ಸಲ ಅವರು ಬರಬೇಕು. ಆ ಭೇಟಿಗಳನ್ನು ಬಳಸಿಕೊಳ್ಳಿ.

ಬೀಡಿ, ಸಿಗರೇಟು ಸೇದುವವರು ಅಂಗಳದಲ್ಲಿ ಸೇದಿ ಬಂದರೆ ಸಾಲದು. ಅಂಗಿ ಬದಲಿಸಿ, ಕೈ, ಬಾಯಿ ತೊಳೆದ ಮೇಲೆಯೇ ಮಗು ಎತ್ತಿಕೊಳ್ಳಲಿ. ಬಿಡಲು ಒಂದು ಕಾರಣ ಬೇಕಿದ್ದರೆ ಇದಕ್ಕಿಂತ ದೊಡ್ಡದು ಸಿಗುವುದಿಲ್ಲ.

ಆಮೇಲೆ ಕೈ ಮತ್ತು ಮುತ್ತು. ಈ ವೈರಸ್ ಕೆಮ್ಮಿನ ಹನಿಗಳಿಂದ ಬರುತ್ತದೆ, ಮುಟ್ಟಿದ ಕೈಯಿಂದಲೂ ಬರುತ್ತದೆ. ಬಾಗಿಲ ಚಿಲಕ, ತೊಟ್ಟಿಲ ಕಂಬಿ, ಆಟಿಕೆಯಂಥ ಗಟ್ಟಿ ಜಾಗದಲ್ಲಿ ಗಂಟೆಗಟ್ಟಲೆ ಬದುಕಿರುತ್ತದೆ. ಸೋಪಿನ ನೀರಿಗೆ ಸಾಯುತ್ತದೆ. ಎಳೆ ಮಗುವಿನ ಮನೆಗೆ ವೈರಸ್ ತರುವವರು ಹೆಚ್ಚಾಗಿ ಅಂಗನವಾಡಿ, ಶಾಲೆಗೆ ಹೋಗುವ ಅಣ್ಣಂದಿರು, ಅಕ್ಕಂದಿರು. ಅವರನ್ನು ಗದರಿಸಿ ದೂರ ಇಡುವುದು ಆಗದ ಮಾತು, ಬೇಕಾಗಿಯೂ ಇಲ್ಲ. ಬಂದ ಕೂಡಲೇ ಯೂನಿಫಾರ್ಮ್ ಬಿಚ್ಚಿ, ಕೈಕಾಲು ಮುಖ ತೊಳೆಯಲಿ. "ಪಾಪುಗೆ ಕಾಲಿಗೆ ಮಾತ್ರ ಮುತ್ತು" ಎಂಬ ನಿಯಮ ಮಾಡಿ. ಮೂರು ವರ್ಷದ ಮಕ್ಕಳೂ ಇದನ್ನು ಖುಷಿಯಿಂದ ಪಾಲಿಸುತ್ತಾರೆ. ಮೂಗು ಸುರಿಯುತ್ತಿರುವ ದಿನ ಬೇರೆ ಹಾಸಿಗೆ.

ನೆಂಟರ ವಿಷಯದಲ್ಲಿ ಮುಲಾಜು ಬೇಡ. ತೊಟ್ಟಿಲು ಶಾಸ್ತ್ರ, ನಾಮಕರಣ ಜುಲೈಯಿಂದ ನವೆಂಬರ್ ನಡುವೆ ಬಂದರೆ ಮನೆಮಂದಿಯಲ್ಲೇ ಮುಗಿಸಿ, ದೊಡ್ಡ ಊಟ ಸಂಕ್ರಾಂತಿ ಕಳೆದ ಮೇಲೆ ಇಟ್ಟುಕೊಳ್ಳಬಹುದು. ಹಾಸನದವರಿಗೆ ಇನ್ನೊಂದು ಮಾತು. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ತೆಗೆಯುತ್ತದೆ. ಗಂಟೆಗಟ್ಟಲೆ ಸಾಲು, ಲಕ್ಷಾಂತರ ಜನ. ಎರಡು ತಿಂಗಳ ಮಗುವನ್ನು ಆ ಸಾಲಿಗೆ ಕರೆದೊಯ್ಯಬೇಡಿ. ಮನೆಯವರು ಹೋಗಿ ಕುಂಕುಮ ತಂದರೆ ಸಾಕು. ತಾಯಿಗೆ ಮಗು ಬೇರೆ ಅಲ್ಲ, ಮುಂದಿನ ವರ್ಷ ನಡೆದುಕೊಂಡೇ ಬರಲಿ.

ಎದೆಹಾಲು ಆರು ತಿಂಗಳು ಅದೊಂದೇ ಸಾಕು. ಅದರಿಂದ ಆರ್‌ಎಸ್‌ವಿ ಬರುವುದೇ ಇಲ್ಲ ಎಂದಲ್ಲ, ಬಂದರೆ ತೀವ್ರವಾಗುವುದು ಕಡಿಮೆ. ಅಮ್ಮನಿಗೇ ನೆಗಡಿ ಬಂದರೂ ಹಾಲು ನಿಲ್ಲಿಸಬೇಡಿ. ಮಾಸ್ಕ್ ಹಾಕಿ, ಕೈ ತೊಳೆದು ಕೊಡಿ.

ಉಚಿತ ಲಸಿಕೆಗಳು ಮತ್ತು ಫ್ಲೂ

ಇವು ಆರ್‌ಎಸ್‌ವಿಯನ್ನು ತಡೆಯುವುದಿಲ್ಲ. ಆದರೂ ಬಿಡಬಾರದು. ಆರ್‌ಎಸ್‌ವಿಯಿಂದ ಸೋತ ಶ್ವಾಸಕೋಶಕ್ಕೆ ನ್ಯುಮೋನಿಯಾ ಬ್ಯಾಕ್ಟೀರಿಯಾವೂ ಸೇರಿಕೊಂಡರೆ ಕಷ್ಟ ಎರಡರಷ್ಟು. ನ್ಯುಮೋನಿಯಾದ ಪಿಸಿವಿ ಲಸಿಕೆ 2021ರಿಂದ ದೇಶದ ಎಲ್ಲ ಕಡೆ ಉಚಿತ. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ ಕೊಡುತ್ತಾರೆ. ಮಳೆ ಜೋರಿದೆ ಅಂತ ಲಸಿಕೆ ದಿನ ತಪ್ಪಿಸಬೇಡಿ. ಫ್ಲೂ ಲಸಿಕೆ ಆರು ತಿಂಗಳು ತುಂಬಿದ ಮೇಲೆ, ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್. ಇದಕ್ಕೆ ಖಾಸಗಿಯಲ್ಲಿ ದುಡ್ಡು ಕೊಡಬೇಕು, ಆದರೆ ಆರ್‌ಎಸ್‌ವಿ ಇಂಜೆಕ್ಷನ್ನಿಗೆ ಹೋಲಿಸಿದರೆ ಬಹಳ ಕಡಿಮೆ. ಮಗುವಿಗೆ ಆರು ತಿಂಗಳು ದಾಟಿದ್ದು, ಕೈಯಲ್ಲಿ ಐದು ಸಾವಿರದೊಳಗೆ ಮಾತ್ರ ಇದೆ ಎಂದಾದರೆ ನಾನು ಫ್ಲೂ ಲಸಿಕೆಗೇ ಹಾಕುತ್ತೇನೆ.

ಏನೇ ಆರಿಸಿದರೂ ಇದು ಗೊತ್ತಿರಬೇಕು

ಆರ್‌ಎಸ್‌ವಿ ಬಂದ ಮೇಲೆ ಅದನ್ನು ಕೊಲ್ಲುವ ಔಷಧ ಅಂತ ಮನೆಯಲ್ಲಿ ಕೊಡುವಂಥದ್ದು ಇಲ್ಲ. ವೈರಸ್ಸಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಕೆಮ್ಮಿನ ಸಿರಪ್ಪನ್ನು ಅಂಗಡಿಯಿಂದ ತಂದು ಕೊಡಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ಶೀತದ ಸಿರಪ್ ಬರೆಯಬಾರದು ಎಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಸೂಚನೆ ಕೊಟ್ಟಿದೆ. ಮೂಗು ಕಟ್ಟಿದರೆ ಸಲೈನ್ ಹನಿ ಹಾಕಿ, ಹಾಲನ್ನು ಸ್ವಲ್ಪ ಸ್ವಲ್ಪವೇ ಪದೇ ಪದೇ ಕೊಡಿ. ಬಿಸಿನೀರಿನ ಹಬೆ ಎಳೆ ಮಕ್ಕಳಿಗೆ ಬೇಡ, ಸುಟ್ಟ ಗಾಯಗಳಾಗುತ್ತವೆ.

ಉಸಿರು ಎಣಿಸುವುದನ್ನು ಮನೆಯ ಇಬ್ಬರಾದರೂ ಕಲಿತಿರಿ. ಮಗು ಮಲಗಿರುವಾಗ ಅಂಗಿ ಮೇಲೆತ್ತಿ. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು. ಮೊಬೈಲಿನ ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಎಳೆ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು, ಅವತ್ತೇ ಡಾಕ್ಟರಿಗೆ ತೋರಿಸಿ.

ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ಪ್ರತಿ ಉಸಿರಿಗೂ ನರಳುವುದು, ಹಾಲನ್ನು ಮಾಮೂಲಿಯ ಅರ್ಧಕ್ಕಿಂತ ಕಮ್ಮಿ ಕುಡಿಯುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದ ಮಂಕು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ತೀರಾ ಎಳೆ ಮಕ್ಕಳಲ್ಲಿ ಕೆಮ್ಮು, ಜ್ವರ ಇಲ್ಲದೆಯೂ ಉಸಿರು ನಡುನಡುವೆ ನಿಲ್ಲಬಹುದು. ಅದೊಂದೇ ಕಂಡರೂ ಹೊರಡಿ.

108ಕ್ಕೆ ಕರೆ ಮಾಡಿ. ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಎಲ್ಲಿ ನಿಂತರೆ ಸಿಗುತ್ತದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಜೀಪ್ ಇರುವ ನೆರೆಯವರ ಹತ್ತಿರ ಜೂನ್ ಒಳಗೇ ಒಂದು ಮಾತು ಹೇಳಿಡಿ. ರಾತ್ರಿ ಹೊತ್ತು ಮಕ್ಕಳ ಡಾಕ್ಟರು, ಆಕ್ಸಿಜನ್ ಎರಡೂ ಇರುವ ಹತ್ತಿರದ ಆಸ್ಪತ್ರೆ ಯಾವುದು ಎಂದು ಆಶಾ ಕಾರ್ಯಕರ್ತೆಯನ್ನೋ ಪಿಎಚ್‌ಸಿಯ ನರ್ಸನ್ನೋ ಕೇಳಿ, ಅಲ್ಲಿಯ ಫೋನ್ ನಂಬರನ್ನು ತಾಯಿ ಕಾರ್ಡಿನ ಹಿಂದೆ ದೊಡ್ಡದಾಗಿ ಬರೆದಿಡಿ.